ಕಸ ಯಾರ ಹೊಣೆ? ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಬೆಂಗಳೂರಿನ ಕಸದ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಬೈಗುಳವೇ ಇತ್ತು, ಅದರಲ್ಲೂ ನ್ಯಾಯವಿದೆ. ಉತ್ತರ ಕೊಡಬಹುದಾದ ಪ್ರಶ್ನೆಗಳನ್ನು ಆಯ್ದು ಇಲ್ಲಿ ಕೊಟ್ಟಿದ್ದೇವೆ. ಒಂದೇ ಪ್ರಶ್ನೆ ಹಲವರಿಂದ ಬಂದಿದ್ದರೆ ಒಟ್ಟಿಗೆ ಸೇರಿಸಿದ್ದೇವೆ.

ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡಿ ಅಂತ ದಿನಾ ಮೈಕಿನಲ್ಲಿ ಕೂಗುತ್ತಾರೆ. ಬೇರೆ ಮಾಡಿ ಕೊಟ್ಟರೆ ಗಾಡಿಯವನು ಎರಡನ್ನೂ ಒಂದೇ ಕಡೆ ಸುರಿಯುತ್ತಾನೆ. ಮತ್ತೆ ನಾವು ಮನೆಯಲ್ಲಿ ಎರಡು ಬುಟ್ಟಿ ಇಟ್ಟು ಏನು ಪ್ರಯೋಜನ?
— ವಿಜಯನಗರ, ಬಸವೇಶ್ವರನಗರ, ಜೆ.ಪಿ. ನಗರದ ಓದುಗರು

ಮೊದಲು ಒಂದು ಲೆಕ್ಕ. ಒಂದು ಆಟೊ ಟಿಪ್ಪರಿಗೆ ಸುಮಾರು 750 ಮನೆ ಎಂಬುದು ಇಲ್ಲಿನ ಯೋಜನೆಯ ಅಳತೆ. ಬೆಳಿಗ್ಗೆ ಐದು ಗಂಟೆ ಹೊತ್ತು ಗಾಡಿ ಓಡಿತು ಅನ್ನಿ, ಒಂದು ಮನೆಗೆ ಸಿಗುವುದು 24 ಸೆಕೆಂಡು. ಅದರಲ್ಲೇ ಗಾಡಿ ಮುಂದಕ್ಕೆ ಹೋಗಬೇಕು, ಬುಟ್ಟಿ ಈಸಿಕೊಳ್ಳಬೇಕು, ಸುರಿದು ವಾಪಸು ಕೊಡಬೇಕು. ಗಂಟು ಕಟ್ಟಿದ ಕವರು ಕೊಟ್ಟರೆ ಬಿಚ್ಚಿ ನೋಡುವ ಪುರುಸೊತ್ತು ಯಾರಿಗೂ ಇರುವುದಿಲ್ಲ. ಅದು ಹಾಗೇ ಒಳಗೆ ಬೀಳುತ್ತದೆ. ಆದ್ದರಿಂದ ಹಸಿ ಕಸವನ್ನು ಕವರಿನಲ್ಲಿ ಕಟ್ಟದೆ ಬುಟ್ಟಿಯಲ್ಲೇ ಕೊಡಿ. ಬುಟ್ಟಿ ಗಲೀಜಾಗುತ್ತದೆ ಅಂತಾದರೆ ತಳಕ್ಕೆ ಒಂದು ಹಾಳೆ ನ್ಯೂಸ್‌ಪೇಪರ್ ಹಾಕಿ.

ಇನ್ನು ಗಾಡಿಯ ವಿಚಾರ. ಆಟೊದೊಳಗೆ ಅಡ್ಡಹಲಗೆ ಇದೆಯೇ, ಒಣ ಕಸಕ್ಕೆ ಪಕ್ಕದಲ್ಲೋ ಹಿಂದೆಯೋ ದೊಡ್ಡ ಚೀಲ ನೇತುಹಾಕಿದ್ದಾರೆಯೇ ನೋಡಿ. ಇದ್ದೂ ಬೆರೆಸಿದರೆ ತಪ್ಪು ಕೆಲಸಗಾರರದು. ಎರಡೂ ಇಲ್ಲದೆ ಗಾಡಿ ರಸ್ತೆಗೆ ಬಂದಿದ್ದರೆ ತಪ್ಪು ಗುತ್ತಿಗೆದಾರರದು, ಅದನ್ನು ಕಂಡೂ ಬಿಲ್ಲಿಗೆ ಸಹಿ ಹಾಕುವವರದು. ದೂರು ಕೊಡುವಾಗ ಈ ವ್ಯತ್ಯಾಸ ಬರೆಯದಿದ್ದರೆ ಕೊನೆಗೆ ಸಿಕ್ಕಿಬೀಳುವವರು ಗಾಡಿ ಹಿಂದೆ ಓಡುವ ಸಹಾಯಕರು. ಗಾಡಿ ನಂಬರು, ದಿನಾಂಕ, ಹೊತ್ತು, ಮೇನ್ ಮತ್ತು ಕ್ರಾಸ್, ಗಾಡಿಯ ಒಳಭಾಗ ಕಾಣುವ ಒಂದು ಫೋಟೊ ಇಷ್ಟಿದ್ದರೆ ದೂರಿಗೆ ತೂಕ ಬರುತ್ತದೆ. ಪಾಲಿಕೆಯ ಸಹಾಯವಾಣಿ 1533ಕ್ಕೆ ಕರೆ ಮಾಡಿದಾಗ ದೂರಿನ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ.

ಬೆರೆತರೆ ಆಗುವುದೇನು? ಆಟೊಗಳು ತಂದದ್ದನ್ನು ಕಾಂಪ್ಯಾಕ್ಟರ್ ಲಾರಿ ಹಿಂಡುತ್ತದೆ. ಸಾರು, ಮೊಸರು, ಹಣ್ಣಿನ ರಸ ಕಾಗದಕ್ಕೆ ಇಳಿಯುತ್ತದೆ. ಒದ್ದೆ ಕಾಗದವನ್ನು ಯಾವ ಗುಜರಿಯವನೂ ಮುಟ್ಟುವುದಿಲ್ಲ. ಪ್ಲಾಸ್ಟಿಕ್ಕನ್ನು ತೊಳೆಯುವ ಖರ್ಚು ಅದರ ಬೆಲೆಯನ್ನೇ ಮೀರುತ್ತದೆ. ಅತ್ತ ಹಸಿ ಕಸದೊಳಗೆ ಗಾಜಿನ ಚೂರು, ಬ್ಲೇಡು, ಶಾಂಪೂ ಸ್ಯಾಷೆ ಸೇರಿರುತ್ತದಾದ್ದರಿಂದ ಅದರಿಂದಾದ ಗೊಬ್ಬರವನ್ನು ರೈತ ಗದ್ದೆಗೆ ಹಾಕಲಾರ. ಎರಡೂ ಕೆಟ್ಟ ಮೇಲೆ ಉಳಿಯುವುದು ಗುಂಡಿ ಒಂದೇ. ನಗರದ ಕಸ ಸುರಿಯುತ್ತಿದ್ದ ಮಾವಳ್ಳಿಪುರದಲ್ಲಿ 2012ರಲ್ಲಿ, ಮಂಡೂರಿನಲ್ಲಿ 2014ರಲ್ಲಿ ಊರವರು ಸಾಕಪ್ಪಾ ಸಾಕು ಎಂದದ್ದು ಇಂಥ ಬೆರಕೆ ಕಸಕ್ಕೇ. ಆಮೇಲೆ ಸರದಿ ಮಿಟ್ಟಗಾನಹಳ್ಳಿಯ ಕಲ್ಲುಕ್ವಾರಿಗೆ ಬಂತು. ಹೈಕೋರ್ಟು 2015ರ ಡಿಸೆಂಬರಿನಲ್ಲಿ ಎರಡು ಬುಟ್ಟಿ, ಒಂದು ಚೀಲ ಎಂಬ ಕ್ರಮ ಕಡ್ಡಾಯ ಮಾಡಿದ್ದೂ ಇದೇ ಹಿನ್ನೆಲೆಯಲ್ಲಿ. ಹಸಿರು ಬುಟ್ಟಿ ಹಸಿ ಕಸಕ್ಕೆ, ಕೆಂಪು ಬುಟ್ಟಿ ಡಯಾಪರ್‌ನಂಥದಕ್ಕೆ, ಚೀಲ ಒಣ ಕಸಕ್ಕೆ.

ಪಾಲಿಕೆಯವರನ್ನು ಕೇಳಿದರೆ ಕಂಪನಿ ಅನ್ನುತ್ತಾರೆ, ಕಂಪನಿಯವರನ್ನು ಕೇಳಿದರೆ ಗುತ್ತಿಗೆದಾರ ಅನ್ನುತ್ತಾರೆ. ಕಾನೂನಿನ ಪ್ರಕಾರ ಕಸ ಯಾರ ಕೆಲಸ?
— ನಿವೃತ್ತ ಶಿಕ್ಷಕರು, ಯಲಹಂಕ

ಸ್ಥಳೀಯ ಸಂಸ್ಥೆಯ ಕೆಲಸ. ಸಂವಿಧಾನದ 74ನೇ ತಿದ್ದುಪಡಿಯಿಂದ ಬಂದ ಹನ್ನೆರಡನೇ ಅನುಸೂಚಿಯ 6ನೇ ಬಾಬ್ತಿನಲ್ಲಿ ಸಾರ್ವಜನಿಕ ಆರೋಗ್ಯ, ನೈರ್ಮಲ್ಯದ ಜೊತೆ ಘನತ್ಯಾಜ್ಯ ನಿರ್ವಹಣೆಯೂ ಇದೆ. ವಿವರ ಬಂದದ್ದು ಕೇಂದ್ರದ ನಿಯಮಗಳಲ್ಲಿ. ಅದರ ಬೇರು ಬೆಂಗಳೂರಿನಲ್ಲೇ ಇದೆ: ಇಲ್ಲಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಫಲವಾಗಿ 2000ದ ನಿಯಮಗಳು ಬಂದವು. ಅವುಗಳ ಜಾಗಕ್ಕೆ 2016ರಲ್ಲಿ ಹೊಸವು ಬಂದವು, ಈಗ 2026ರ ಏಪ್ರಿಲ್ 1ರಿಂದ 2026ರ ನಿಯಮಗಳು.

ಮನೆಮನೆಯಿಂದ ಕಸ ತರುವುದು, ಬೆರೆಸದೆ ಸಾಗಿಸುವುದು, ಹಸಿ ಕಸ ಸಂಸ್ಕರಿಸುವುದು, ಒಣ ಕಸ ವಿಂಗಡಿಸಲು ಜಾಗ ಕೊಡುವುದು, ಉಪವಿಧಿ ಮಾಡುವುದು, ಶುಲ್ಕ ಮತ್ತು ದಂಡ ವಸೂಲಿ, ಚಿಂದಿ ಆಯುವವರನ್ನು ವ್ಯವಸ್ಥೆಯೊಳಗೆ ಸೇರಿಸಿಕೊಳ್ಳುವುದು ಎಲ್ಲವೂ ಸ್ಥಳೀಯ ಸಂಸ್ಥೆಗೆ ಸೇರಿದ್ದು. ಕೊನೆಯದರಲ್ಲಿ ನಮ್ಮ ಊರಿಗೆ ಒಂದಿಷ್ಟು ಹೆಮ್ಮೆಪಡುವ ಹಕ್ಕಿದೆ. ಚಿಂದಿ ಆಯುವವರಿಗೆ ಇಲ್ಲಿ ಪಾಲಿಕೆಯೇ ಗುರುತಿನ ಚೀಟಿ ಕೊಟ್ಟಿದೆ. ವಾರ್ಡಿನ ಒಣ ಕಸ ಸಂಗ್ರಹಣಾ ಕೇಂದ್ರಗಳಲ್ಲಿ ಹಲವನ್ನು ಅವರೇ ನಡೆಸುತ್ತಾರೆ.

ಕಂಪನಿ ಎಂದರೆ 2021ರಲ್ಲಿ ಹುಟ್ಟಿದ ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತ. ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರಿನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಐದು ಪಾಲಿಕೆಗಳಾದವು. ಕೆಲಸವನ್ನು ಕಂಪನಿಗೋ ಗುತ್ತಿಗೆದಾರನಿಗೋ ವಹಿಸಬಹುದು, ಹೊಣೆಯನ್ನು ವಹಿಸಲಾಗದು. ಹಾಗಾಗಿ ಅರ್ಜಿಯನ್ನು ಕಂಪನಿಗೆ ಬರೆದರೂ ಒಂದು ಪ್ರತಿಯನ್ನು ನಿಮ್ಮ ಪಾಲಿಕೆಯ ಆಯುಕ್ತರಿಗೆ ಹಾಕಿ. ಕಸ ಸಂಸ್ಕರಣಾ ಘಟಕದ ವಾಸನೆ, ಕೊಳಚೆ ನೀರು, ಪರವಾನಗಿ ಇವುಗಳ ದೂರು ಮಾತ್ರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೋಗಬೇಕು.

ಬಕೆಟ್ಟಿನಲ್ಲಿ ಗೊಬ್ಬರ ಮಾಡಲು ಹೋಗಿ ಹದಿನೈದೇ ದಿನಕ್ಕೆ ಹುಳ, ವಾಸನೆ. ಅತ್ತೆ ಬಾಲ್ಕನಿ ಕಡೆ ತಲೆ ಹಾಕುತ್ತಿಲ್ಲ. ಕೊಕೊಪೀಟ್ ಹಾಕುತ್ತಲೇ ಇದ್ದೇನೆ. ಎಲ್ಲಿ ತಪ್ಪಿದೆ?
— ಗೃಹಿಣಿ, ಬನಶಂಕರಿ

ಕೊಕೊಪೀಟ್ ಅಂದರೆ ತೆಂಗಿನ ನಾರಿನ ಪುಡಿ. ಅದರ ಇಟ್ಟಿಗೆಯನ್ನು ನೀರಲ್ಲಿ ನೆನೆಸಿ, ಉಬ್ಬಿದ ಮೇಲೆ ಹಾಕುತ್ತಿದ್ದೀರೇನೋ ಎಂಬ ಅನುಮಾನ. ಪೊಟ್ಟಣದ ಮೇಲೆ ಹಾಗೇ ಬರೆದಿರುತ್ತದೆ, ಆದರೆ ಆ ಸೂಚನೆ ಗಿಡದ ಕುಂಡಕ್ಕೆ. ಗೊಬ್ಬರದ ಬಕೆಟ್ಟಿಗೆ ಅದು ಬರುವುದೇ ನೀರು ಕುಡಿಯಲಿಕ್ಕೆ; ಮೊದಲೇ ಹೊಟ್ಟೆ ತುಂಬ ಕುಡಿದು ಬಂದರೆ ಇನ್ನೇನು ಕುಡಿದೀತು? ಇಟ್ಟಿಗೆಯನ್ನು ಒಣಗಿದ ಹಾಗೇ ಸುತ್ತಿಗೆಯಲ್ಲಿ ಪುಡಿ ಮಾಡಿ ಡಬ್ಬದಲ್ಲಿಡಿ. ಆಗಲೇ ನೆನೆಸಿದ್ದರೆ ಎರಡು ದಿನ ಬಿಸಿಲಿಗೆ ಹರಡಿ.

ತರಕಾರಿ ಸಿಪ್ಪೆಯಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಪಾಲು ನೀರು. ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳಿಗೆ ಬೇಕಾದದ್ದು 50ರಿಂದ 60. ಅದಕ್ಕಿಂತ ಹೆಚ್ಚಾದರೆ ಸಂದುಗಳಲ್ಲಿ ಗಾಳಿಯ ಜಾಗವನ್ನು ನೀರು ಹಿಡಿಯುತ್ತದೆ, ಗಾಳಿ ಬೇಡದ ಜೀವಿಗಳು ಮೇಲುಗೈ ಪಡೆಯುತ್ತವೆ, ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ. ಒಳಗಿನದನ್ನು ಒಂದು ಹಿಡಿ ತೆಗೆದು ಹಿಂಡಿ ನೋಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಂಡರೆ ಹದ ಸರಿ. ಧಾರೆ ಬಂದರೆ ಒಣ ಪುಡಿ ಸಾಲದು. ಮುದ್ದೆ ಕಟ್ಟದೆ ಉದುರಿದರೆ ಸ್ವಲ್ಪ ನೀರು ಚಿಮುಕಿಸಿ.

ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಮುಕ್ಕಾಲರಿಂದ ಒಂದು ಕೆ.ಜಿ. ಹಸಿ ಕಸ ಬರುತ್ತದೆ. 20 ಲೀಟರಿನ ಬಕೆಟ್ಟು ಸುಮಾರು ಮೂರು ವಾರಕ್ಕೆ ತುಂಬುತ್ತದೆ. ಗೊಬ್ಬರವಾಗಲು ಇನ್ನೂ 45 ದಿನವಾದರೂ ಬೇಕಾದ್ದರಿಂದ ಒಂದು ಬಕೆಟ್ಟಿನಲ್ಲಿ ಕೆಲಸ ಸಾಗದು. ಮೂರೋ ನಾಲ್ಕೋ ಬೇಕು. ಪಕ್ಕಕ್ಕೂ ತಳಕ್ಕೂ ಕಾದ ಮೊಳೆಯಿಂದ ಎರಡೆರಡು ಇಂಚಿಗೆ ತೂತು ಮಾಡಿ, ತಳದಲ್ಲಿ ನಾಲ್ಕು ಬೆರಳು ಒಣ ಎಲೆ ಹಾಸಿ. ಪ್ರತಿದಿನ ಸಿಪ್ಪೆಯನ್ನು ಒಂದು ಇಂಚಿಗೆ ಹೆಚ್ಚಿ ಹಾಕಿ. ಅದರ ಗಾತ್ರದ ಅರ್ಧದಿಂದ ಸಮ ಪಾಲಿನವರೆಗೆ ಒಣ ಪುಡಿ ಮೇಲೆ ಮುಚ್ಚಿ. ಕೊಕೊಪೀಟೇ ಆಗಬೇಕೆಂದಿಲ್ಲ. ಮರದ ಹೊಟ್ಟು, ಪುಡಿ ಮಾಡಿದ ಒಣ ಎಲೆ ಆಗುತ್ತದೆ. ಪಾಲಿಶ್ ಹಾಕಿದ ಪ್ಲೈವುಡ್ಡಿನ ಹೊಟ್ಟು ಮಾತ್ರ ಬೇಡ. ಹೆಪ್ಪಿಗೆ ಒಂದು ಲೋಟ ಹುಳಿ ಮಜ್ಜಿಗೆ ಅಥವಾ ಒಂದು ಹಿಡಿ ಹಳೆಯ ಗೊಬ್ಬರ ಸಾಕು. ವಾರಕ್ಕೆರಡು ಸಲ ಕೋಲಿನಿಂದ ತಳದವರೆಗೆ ತಿರುವಿ.

ಉಳಿದ ಸಾಂಬಾರು, ಪಲ್ಯ ಹಾಕಬಹುದು, ಆದರೆ ತಿಳಿ ಬಸಿದು. ತೆಂಗಿನ ಕರಟ, ಮಾವಿನ ವಾಟೆ, ಮೂಳೆ ಎರಡು ತಿಂಗಳಲ್ಲಿ ಕರಗುವ ಪೈಕಿಯಲ್ಲ.

ಹುಳದ ಬಗ್ಗೆ: ಬೂದುಬಣ್ಣದ, ಚಪ್ಪಟೆ, ಅರ್ಧ ಇಂಚಿನ ಹುಳವಾದರೆ ಅದು ಬ್ಲ್ಯಾಕ್ ಸೋಲ್ಜರ್ ಎಂಬ ನೊಣದ ಮರಿ. ರೋಗ ತರುವುದಿಲ್ಲ, ನಿಮಗಿಂತ ಬೇಗ ಕಸ ಮುಗಿಸುತ್ತದೆ. ಆದರೂ ಅದು ಬಂತೆಂದರೆ ಒಳಗೆ ತೇವ ಹೆಚ್ಚಾಗಿದೆ ಎಂದರ್ಥ; ಎರಡು ಹಿಡಿ ಒಣ ಪುಡಿ ಹಾಕಿ ತಿರುವಿದರೆ ಕಡಿಮೆಯಾಗುತ್ತದೆ. ಅತ್ತೆಯವರಿಗೆ ಇದನ್ನು ಹೇಗೆ ಹೇಳಬೇಕೆಂಬುದು ನಿಮಗೆ ಬಿಟ್ಟದ್ದು. ಮೂಗಿಗೆ ಘಾಟು ಹೊಡೆದರೆ ಅದು ಅಮೋನಿಯ. ಆಗ ಕೊರತೆ ಒಣ ಎಲೆಯದು.

ಗೊಬ್ಬರ ಮಾಗಿದೆಯೇ ಎಂದು ನೋಡಲು ಒಂದು ಬಟ್ಟಲಲ್ಲಿ ಗೊಬ್ಬರ, ಮಣ್ಣು ಅರ್ಧರ್ಧ ಬೆರೆಸಿ ಇಪ್ಪತ್ತು ಮೆಂತ್ಯದ ಕಾಳು ಬಿತ್ತಿ. ನಾಲ್ಕೈದು ದಿನದಲ್ಲಿ ಬಹುಪಾಲು ಮೊಳೆತರೆ ಬಳಸಿ. ಕಾಳು ಕೊಳೆತರೆ ಇನ್ನೆರಡು ವಾರ ಬಿಡಿ.

ನಮ್ಮದು 240 ಮನೆಗಳ ಅಪಾರ್ಟ್‌ಮೆಂಟು. 24 ಗಂಟೆಯಲ್ಲಿ ಗೊಬ್ಬರ ಕೊಡುವ ಯಂತ್ರ ತೋರಿಸಿ ಒಬ್ಬರು ಕೊಟೇಶನ್ ಕೊಟ್ಟಿದ್ದಾರೆ. ತಗೊಳ್ಳಬಹುದಾ? ನಾವು ನಿಜಕ್ಕೂ ದೊಡ್ಡ ಉತ್ಪಾದಕರ ಪಟ್ಟಿಗೆ ಬರ್ತೀವಾ?
— ಸಂಘದ ಕಾರ್ಯದರ್ಶಿ, ಬೇಗೂರು ರಸ್ತೆ

ಎರಡನೆಯದು ಮೊದಲು. ಹೊಸ ನಿಯಮದಲ್ಲಿ ಮೂರು ಅಳತೆಗಳಿವೆ: ಕಟ್ಟಡದ ವಿಸ್ತೀರ್ಣ 20,000 ಚದರ ಮೀಟರು, ದಿನದ ನೀರಿನ ಬಳಕೆ 40,000 ಲೀಟರು, ದಿನದ ಕಸ 100 ಕೆ.ಜಿ. ಇವುಗಳಲ್ಲಿ ಒಂದನ್ನು ಮುಟ್ಟಿದರೂ ನೀವು ದೊಡ್ಡ ಉತ್ಪಾದಕರು. 240 ಮನೆಗೆ 40,000 ಲೀಟರೆಂದರೆ ಮನೆಗೆ 166 ಲೀಟರು. ಅಷ್ಟರಲ್ಲಿ ಯಾರ ಮನೆಯೂ ನಡೆಯುವುದಿಲ್ಲ. ಅಂದರೆ ಪಟ್ಟಿಯಲ್ಲಿದ್ದೀರಿ. ಹಸಿ ಕಸವನ್ನು ಆದಷ್ಟೂ ಆವರಣದೊಳಗೇ ಮುಗಿಸುವ ಹೊಣೆ ನಿಮ್ಮದು.

ಯಂತ್ರದ ವಿಚಾರದಲ್ಲಿ ಕೈ ಬಿಗಿಹಿಡಿಯಿರಿ. 24 ಗಂಟೆಯಲ್ಲಿ ಆಗುವುದು ಗೊಬ್ಬರವಲ್ಲ, ಬಿಸಿಮಾಡಿ ಒಣಗಿಸಿದ ಕಸ. ನೋಡಲು ಕಾಫಿಪುಡಿಯಂತೆ ಇರುತ್ತದೆ. ಮಾರುವವರು ಅಂಗೈಮೇಲೆ ಸುರಿದು ತೋರಿಸುವುದೂ ಅದನ್ನೇ. ಅದನ್ನು ಒದ್ದೆ ಮಾಡಿ ಮುಚ್ಚಿದ ಡಬ್ಬದಲ್ಲಿ ಮೂರು ದಿನ ಇಡಿ. ಬಿಸಿಯೇರಿ ನಾರಿದರೆ ಕೊಳೆಯುವ ಕೆಲಸ ಇನ್ನೂ ಶುರುವೇ ಆಗಿಲ್ಲ ಎಂದು ತಿಳಿಯಿರಿ. ಗಿಡದ ಬುಡಕ್ಕೆ ಹಾಕಿದರೆ ಆ ಬಿಸಿಗೆ ಬೇರು ಸುಡುತ್ತದೆ. ಮೇಲಾಗಿ ನೀರನ್ನು ಕರೆಂಟಿನಿಂದ ಆವಿ ಮಾಡುವುದಕ್ಕೆ ತಿಂಗಳು ತಿಂಗಳು ಬಿಲ್ಲು ಬರುತ್ತದೆ. ಕತ್ತರಿಸಿ ಹೊಟ್ಟಿನೊಂದಿಗೆ ಕಲೆಸಿ ಕೊಡುವ ಇನ್ನೊಂದು ಬಗೆಯ ಯಂತ್ರ ಪ್ರಾಮಾಣಿಕವಾದದ್ದು. ಆದರೆ ಅದರಿಂದ ಬಂದದ್ದನ್ನು ಕ್ರೇಟುಗಳಲ್ಲಿ ವಾರಗಟ್ಟಲೆ ಮಾಗಿಸಲು ಜಾಗ ಬೇಕು. ಕೊಟೇಶನ್ನಿನಲ್ಲಿ ಆ ಜಾಗದ ಮಾತೇ ಇರುವುದಿಲ್ಲ.

ಹಣ ಕೊಡುವ ಮೊದಲು ಏಳು ದಿನ ತೂಕ ಹಾಕಿ, ಭಾನುವಾರವನ್ನೂ ಬಿಡದೆ. ಮನೆಗೆ 600 ಗ್ರಾಂ ಹಸಿ ಕಸ ಬಂದರೆ ದಿನಕ್ಕೆ 144 ಕೆ.ಜಿ. ಗಾತ್ರದಲ್ಲಿ ಸುಮಾರು 0.3 ಘನ ಮೀಟರು. ಅದರರ್ಧ ಒಣ ಎಲೆ ಸೇರಿ 0.45. 45 ದಿನಕ್ಕೆ 20 ಘನ ಮೀಟರಾಗಬೇಕು, ಆದರೆ ಕೊಳೆಯುತ್ತ ಕುಗ್ಗುವುದರಿಂದ ಒಂದೊಂದು ಘನ ಮೀಟರಿನ 12ರಿಂದ 14 ಜಾಲರಿ ತೊಟ್ಟಿಗಳು ಸಾಕು. ಅಷ್ಟು ದೊಡ್ಡ ರಾಶಿಯಲ್ಲಿ ಬಿಸಿ ತಾನಾಗಿ 55 ಡಿಗ್ರಿ ದಾಟುತ್ತದೆ, ಕಳೆಬೀಜವೂ ರೋಗಾಣುವೂ ಸಾಯುತ್ತವೆ. ಹತ್ತು ದಿನಕ್ಕೊಮ್ಮೆ ತಿರುವಲು ಇಬ್ಬರು ಬೇಕು. ಅವರಿಗೆ ಗಂಬೂಟು, ಕೈಗವಸು, ಸರಿಯಾದ ಸಂಬಳ ಕೊಡಿ. ಅಪಾರ್ಟ್‌ಮೆಂಟಿನ ಗೊಬ್ಬರ ಯೋಜನೆಗಳು ನಿಲ್ಲುವುದು ಬಹುಮಟ್ಟಿಗೆ ಕೆಲಸಗಾರರು ಬಿಟ್ಟುಹೋದ ದಿನ. ಒಣ ಎಲೆಯನ್ನು ಫೆಬ್ರುವರಿ, ಮಾರ್ಚಿನಲ್ಲೇ ಚೀಲಗಳಲ್ಲಿ ತುಂಬಿಡಿ, ಮಳೆಗಾಲದಲ್ಲಿ ಹುಡುಕಿದರೂ ಸಿಗದು.

ಹಾಲಿನ ಪ್ಯಾಕೆಟ್ಟು, ಚಿಪ್ಸ್ ಪ್ಯಾಕೆಟ್ಟು, ಜ್ಯೂಸ್ ಡಬ್ಬಿ ಎಲ್ಲ ಒಂದೇ ಚೀಲಕ್ಕೆ ಹಾಕಬಹುದಾ? ಇವೆಲ್ಲ ನಿಜಕ್ಕೂ ಮರುಬಳಕೆ ಆಗುತ್ತವಾ?
— ಕಾಲೇಜು ವಿದ್ಯಾರ್ಥಿನಿ, ಮಲ್ಲೇಶ್ವರ

ಒಂದೇ ಚೀಲಕ್ಕೆ ಹಾಕಿ, ಹಣೆಬರಹ ಮಾತ್ರ ಬೇರೆ ಬೇರೆ. ಹಾಲಿನ ಪ್ಯಾಕೆಟ್ಟು ಒಂದೇ ಜಾತಿಯ ಪ್ಲಾಸ್ಟಿಕ್ಕು, ಕರಗಿಸಿದರೆ ಮತ್ತೆ ಕಾಳಾಗುತ್ತದೆ. ಅದಕ್ಕೆ ಬೆಲೆಯಿದೆ. ಕತ್ತರಿಸುವಾಗ ಮೂಲೆಯನ್ನು ಪೂರ್ತಿ ತುಂಡು ಮಾಡಬೇಡಿ, ಸೀಳಿ ಬಿಡಿ. ಆ ಪುಟ್ಟ ಮೂಲೆ ಯಾರ ಕೈಗೂ ಸಿಗದೆ ಮೋರಿ ಸೇರುತ್ತದೆ. ಅಕ್ಕಿ ತೊಳೆದ ನೀರಲ್ಲಿ ಒಮ್ಮೆ ಜಾಲಾಡಿಸಿ ಒಣಗಿಸಿ. ಚಿಪ್ಸ್ ಪ್ಯಾಕೆಟ್ಟಿನಲ್ಲಿ ಪ್ಲಾಸ್ಟಿಕ್ಕು, ಲೋಹದ ಪದರ ಅಂಟಿಕೊಂಡಿರುತ್ತವೆ; ಬಿಡಿಸಲು ಆಗದ್ದರಿಂದ ಗುಜರಿಯವರು ಮುಟ್ಟುವುದಿಲ್ಲ. ಒಣಗಿದ್ದು ಸಿಕ್ಕರೆ ಸಿಮೆಂಟ್ ಗೂಡಿಗೆ ಉರುವಲಾಗಿ ಹೋಗುತ್ತದೆ. ಅದನ್ನು ಮರುಬಳಕೆ ಎಂದು ಕರೆಯುವುದು ಸಲುಗೆಯ ಮಾತು. ಜ್ಯೂಸ್ ಡಬ್ಬಿಯಲ್ಲಿ ಮುಕ್ಕಾಲು ಪಾಲು ಕಾಗದ, ಉಳಿದದ್ದು ಪ್ಲಾಸ್ಟಿಕ್ಕು, ಅಲ್ಯೂಮಿನಿಯಂ. ವಿಶೇಷ ಘಟಕದಲ್ಲಿ ಬಿಡಿಸುತ್ತಾರೆ, ಚಪ್ಪಟೆ ಮಾಡಿ ಕೊಡಿ. ಎಣ್ಣೆ ಹಿಡಿದ ಪಿಜ್ಜಾ ಡಬ್ಬದಲ್ಲಿ ಎಣ್ಣೆಯ ಭಾಗ ಹರಿದು ಹಸಿ ಕಸಕ್ಕೆ ಹಾಕಿ, ಉಳಿದದ್ದು ಒಣ ಕಸಕ್ಕೆ.

ಮೂಲೆಯ ಗುಜರಿ ಅಂಗಡಿಯಿಂದ ಸರಕು ಜಾಲಿ ಮೊಹಲ್ಲಾದ ಸಗಟು ವ್ಯಾಪಾರಿಗಳಿಗೆ, ಪ್ಲಾಸ್ಟಿಕ್ಕು ನಾಯಂಡಹಳ್ಳಿಯ ಘಟಕಗಳಿಗೆ ಹೋಗುತ್ತದೆ. ಅಲ್ಲಿ ಬಣ್ಣ, ಜಾತಿ ನೋಡಿ ಬೇರ್ಪಡಿಸಿ, ಪುಡಿ ಮಾಡಿ, ತೊಳೆದು, ಕರಗಿಸುತ್ತಾರೆ. ಸರ್ಕಾರದ ನೀತಿ ಬರುವ ಎಷ್ಟೋ ಮೊದಲಿನಿಂದ ಈ ಊರಿನ ಮರುಬಳಕೆ ನಡೆದದ್ದು ಇವರ ಕೈಯಿಂದ.

ಮಾತ್ರೆ, ಟ್ಯೂಬ್‌ಲೈಟ್, ಇನ್ಸುಲಿನ್ ಸೂಜಿ, ಡಯಾಪರ್ ಇವೆಲ್ಲ ಎಲ್ಲಿಗೆ?
— ರಾಜಾಜಿನಗರ

ಹೊಸ ನಿಯಮದಲ್ಲಿ ಕಸ ನಾಲ್ಕು ಬಗೆ: ಹಸಿ, ಒಣ, ಸ್ಯಾನಿಟರಿ, ವಿಶೇಷ ಎಚ್ಚರದ ಕಸ. ಡಯಾಪರ್, ಪ್ಯಾಡ್ ಸ್ಯಾನಿಟರಿ; ನ್ಯೂಸ್‌ಪೇಪರಿನಲ್ಲಿ ಸುತ್ತಿ ಕೆಂಪು ಗುರುತು ಹಾಕಿ, ಯಾರೂ ಅರಿಯದೆ ಬಿಚ್ಚಬಾರದು. ಉಳಿದ ಮೂರು ನಾಲ್ಕನೆಯ ಬಗೆ. ಸೂಜಿಯನ್ನು ಗಟ್ಟಿ ಫಿನಾಯಿಲ್ ಬಾಟಲಿಗೆ ಹಾಕಿ ಮುಚ್ಚಳ ಬಿಗಿಮಾಡಿ, ತುಂಬಿದ ಮೇಲೆ ಕೊಡಿ. ಟ್ಯೂಬ್‌ಲೈಟನ್ನು ಒಡೆಯಬೇಡಿ, ಒಳಗೆ ಪಾದರಸವಿದೆ.

ನಮ್ಮ ಮನೆ 1,200 ಚದರಡಿ. ಕಸದ ಶುಲ್ಕ ಎಷ್ಟು?
— ಹೆಬ್ಬಾಳ

2025ರ ಏಪ್ರಿಲ್ 1ರಿಂದ ಬಂದ ದರದಂತೆ 1,001ರಿಂದ 2,000 ಚದರಡಿಗೆ ತಿಂಗಳಿಗೆ 100 ರೂಪಾಯಿ, ವರ್ಷಕ್ಕೆ 1,200. ಆಸ್ತಿ ತೆರಿಗೆಯ ಜೊತೆಗೇ ಬರುತ್ತದೆ.

ಮನೆ ಮುಂದೆ ಶಾಮಿಯಾನ ಹಾಕಿಸಿ ಗೃಹಪ್ರವೇಶ. ಊಟಕ್ಕೆ 300 ಜನ. ಕಸಕ್ಕೆ ಏನು ಮಾಡಬೇಕು?
— ಕೆಂಗೇರಿ

ನೂರು ಜನ ಮೀರಿದ ಸಮಾರಂಭಕ್ಕೆ ಮೂರು ಕೆಲಸದ ದಿನ ಮುಂಚೆ ಸ್ಥಳೀಯ ಸಂಸ್ಥೆಗೆ ತಿಳಿಸಬೇಕೆಂಬುದು 2016ರ ನಿಯಮದಲ್ಲೇ ಬಂದದ್ದು. ಬಾಳೆ ಎಲೆ ಸರಿ, ಆದರೆ ಎಲೆಯ ಪಕ್ಕ ಇಡುವ ಸಣ್ಣ ನೀರಿನ ಬಾಟಲಿ ಬೇಡ. ಎಲೆ ಎತ್ತುವಾಗ ಬಾಟಲಿಯೂ ಅದರೊಳಗೇ ಮಡಚಿಕೊಳ್ಳುತ್ತದೆ, ಆಮೇಲೆ ಬಿಡಿಸುವವರು ಯಾರೂ ಇಲ್ಲ. ಸ್ಟೀಲ್ ಲೋಟ ಬಾಡಿಗೆಗೆ ತನ್ನಿ. ಪ್ಲಾಸ್ಟಿಕ್ ಲೋಟ, ತಟ್ಟೆ ದೇಶದಾದ್ಯಂತ 2022ರ ಜುಲೈ 1ರಿಂದ ನಿಷಿದ್ಧ.

ರಸ್ತೆ ಮೂಲೆಯ ಕಸದ ಗುಡ್ಡೆ ಎತ್ತಿಸಿ, ರಂಗೋಲಿ ಹಾಕಿ, ಕುಂಡ ಇಟ್ಟೆವು. ಒಂದೇ ವಾರಕ್ಕೆ ಮತ್ತೆ ಗುಡ್ಡೆ.
— ನಿವಾಸಿಗಳ ಸಂಘ, ಮಾರತ್ತಹಳ್ಳಿ

ಗುಡ್ಡೆಯೊಳಗೇ ಉತ್ತರವಿದೆ. ಎತ್ತುವ ಮೊದಲು ಕೋಲಿನಿಂದ ಕೆದಕಿ ನೋಡಿ. ಸಣ್ಣ ಸಣ್ಣ ಕವರು, ಊಟದ ಪಾರ್ಸೆಲ್ ಡಬ್ಬಿ ಹೆಚ್ಚಿದ್ದರೆ ಅದು ಪಿಜಿಗಳಿಂದ ಬಂದದ್ದು; ಗಾಡಿ ಬರುವ ಹೊತ್ತಿಗೆ ಅವರು ಮಲಗಿರುತ್ತಾರೆ ಇಲ್ಲವೇ ಕೆಲಸಕ್ಕೆ ಹೋಗಿರುತ್ತಾರೆ. ಈರುಳ್ಳಿ ಸಿಪ್ಪೆ, ಚಹಾಪುಡಿ ರಾಶಿಯಿದ್ದರೆ ರಾತ್ರಿ ಮುಚ್ಚುವ ಹೋಟೆಲು, ತಳ್ಳುಗಾಡಿ. ಮೊದಲನೆಯದಕ್ಕೆ ಪಿಜಿ ಮಾಲೀಕರು ಒಳಗೇ ಡ್ರಮ್ಮು ಇಟ್ಟು ಬೆಳಿಗ್ಗೆ ಒಟ್ಟಿಗೆ ಕೊಡಬೇಕು. ಎರಡನೆಯದಕ್ಕೆ ರಾತ್ರಿ ಗಾಡಿ ಕೇಳಬೇಕು. 2025ರ ಅಕ್ಟೋಬರಿನಲ್ಲಿ ರಸ್ತೆಗೆ ಎಸೆದವರ ಮನೆ ಮುಂದೆಯೇ ಕಸ ಸುರಿದದ್ದು ಸುದ್ದಿಯಾಯಿತು, ಆದರೆ ಗಾಡಿಯ ಹೊತ್ತು ಹೊಂದದ ಕಡೆ ಅಂಥದ್ದು ನಾಲ್ಕು ದಿನದ ಔಷಧಿ. ಜಾಗವನ್ನು ಮೂರು ವಾರ ಬಿಡದೆ ಬೆಳಿಗ್ಗೆ ಎಂಟರೊಳಗೆ ಖಾಲಿ ಮಾಡಿಸಿ, ಒಂದು ಕವರು ಉಳಿದರೆ ಹತ್ತು ಬರುತ್ತವೆ.

ಗಾಡಿ ಬರುವುದೇ ಇಲ್ಲವಾದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಮೀರಿದರೆ ಅದೇ ನೆಪ ಮಾಡಿ ತಿರುಗಿಸುತ್ತಾರೆ. "ಕಸ ಯಾಕೆ ಎತ್ತುತ್ತಿಲ್ಲ" ಎಂದು ಕೇಳಬೇಡಿ, ಅದು ಮಾಹಿತಿಯಲ್ಲ. ನಿಮ್ಮ ವಾರ್ಡಿನ ಆಟೊಗಳ ನಂಬರು ಮತ್ತು ಮಾರ್ಗದ ಪಟ್ಟಿ, ಕಳೆದ ತಿಂಗಳ ಹಾಜರಾತಿ, ಗುತ್ತಿಗೆದಾರರಿಗೆ ಹಾಕಿದ ದಂಡದ ವಿವರ ಇವುಗಳ ದೃಢೀಕೃತ ಪ್ರತಿ ಕೇಳಿ.

ಆಯುಧಪೂಜೆಯ ಬಾಳೆಕಂದು, ಒಡೆದ ಬೂದುಗುಂಬಳ ಹಸಿ ಕಸವೇ ತಾನೇ?
— ಗ್ಯಾರೇಜ್ ಮಾಲೀಕರು, ಕಲಾಸಿಪಾಳ್ಯ

ಹಸಿ ಕಸವೇ. ಆದರೆ ಬಾಳೆಕಂದಿನ ನಾರು ಯಂತ್ರದ ಬ್ಲೇಡಿಗೆ ಸುತ್ತಿಕೊಂಡು ಅದನ್ನೇ ನಿಲ್ಲಿಸುತ್ತದೆ. ಉದ್ದಕ್ಕೆ ಸೀಳಿ, ಒಂದೊಂದು ಅಡಿಗೆ ತುಂಡು ಮಾಡಿ, ಕಟ್ಟಿದ ಪ್ಲಾಸ್ಟಿಕ್ ದಾರ ಬಿಚ್ಚಿ ಕೊಡಿ. ಕುಂಬಳವನ್ನು ಒಡೆದ ಹತ್ತು ನಿಮಿಷದಲ್ಲೇ ರಸ್ತೆಯಿಂದ ಬಳಿದು ತೆಗೆಯಿರಿ, ಬೈಕು ಜಾರುತ್ತದೆ. ಒಳಗಿನ ನಾಣ್ಯ ಅಷ್ಟರಲ್ಲಿ ಹುಡುಗರ ಜೇಬು ಸೇರಿರುತ್ತದೆ. ಉಳಿದಿದ್ದರೆ ಮರೆಯದೆ ಆರಿಸಿಕೊಳ್ಳಿ, ಅದೂ ಬ್ಲೇಡನ್ನು ಕೆಡಿಸುತ್ತದೆ.